ಮೊದಲ ಪಾಳಿ

ಬೇರೆ ಊರುಗಳಲ್ಲಿ ಮನುಷ್ಯನ ಮರ್ಯಾದೆಯನ್ನು ಯಾವುದರಿಂದ ಅಳೆಯುತ್ತಾರೋ ನನಗೆ ಗೊತ್ತಿಲ್ಲ. ಐನಾಪುರದ ಸುತ್ತಲಿನ ನಮ್ಮ ಸೀಮೆಯಲ್ಲಿ ಮಾತ್ರ ಅದಕ್ಕೆ ಇರುವ ಅಳತೆಗೋಲು ಒಂದೇ: ಹಂಗಾಮು ಸುರುವಾದ ಮೇಲೆ ಯಾರ ಕಬ್ಬಿಗೆ ಟೋಳಿ ಮೊದಲು ಬಂತು ಎಂಬುದು. ಟೋಳಿ ಅಂದರೆ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಯವರು ಕಳಿಸುವ ಕೂಲಿಗಳ ಗುಂಪು. ಕಾರ್ಖಾನೆಯ ಯಾದಿಯಲ್ಲಿ ಯಾರ ಪಾಳಿ ಯಾವಾಗ ಎಂದು ಬರೆದಿರುತ್ತದೆ. ಆದರೆ ಆ ಯಾದಿಯನ್ನು ನಂಬಿ ಮನೆಯಲ್ಲಿ ಕುಳಿತವನ ಕಬ್ಬು ನಿಂತಲ್ಲೇ ಸೂಲಂಗಿ ಬಿಟ್ಟು, ಒಣಗಿ, ತೂಕ ಕಳೆದುಕೊಳ್ಳುತ್ತದೆ. ಹೀಗಾಗಿ ಪ್ರತಿಯೊಬ್ಬರೂ ಯಾರದಾದರೂ ಪರಿಚಯ ಹಿಡಿದು, ಪಾಳಿ ಮುರಿದು, ಮುಂದೆ ನುಗ್ಗುತ್ತಾರೆ. ನಮ್ಮಪ್ಪ ಬಾಳಪ್ಪನಿಗೆ ಯಾರ ಪರಿಚಯವೂ ಇರಲಿಲ್ಲ. ವರ್ಷಗಟ್ಟಲೆ ನಮ್ಮ ಕಬ್ಬು ಎಲ್ಲರ ಕಬ್ಬು ಹೋದ ಮೇಲೆ ಹೊಲದ ನಡುವೆ ಒಂಟಿಯಾಗಿ ನಿಂತಿರುತ್ತಿತ್ತು. ಲಗ್ನದ ಊಟದಲ್ಲಿ ಕೊನೆಯ ಪಂಕ್ತಿಗೆ ಕುಳಿತವನ ಹಾಗೆ ಅಪ್ಪ ಬದುವಿನ ಮೇಲೆ ಕುಳಿತು ದಾರಿ ನೋಡುತ್ತಿದ್ದ.

ಅಷ್ಟರಲ್ಲಿ ನನಗೆ ಅದೇ ಕಾರ್ಖಾನೆಯ ಪರಿಸರ ವಿಭಾಗದಲ್ಲಿ ನೌಕರಿ ಸಿಕ್ಕಿತು. ಆ ವರ್ಷ ಟೋಳಿ ನಮ್ಮ ಹೊಲಕ್ಕೆ ಬೇಗ ಬಂತು. ಅದಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಟೋಳಿಯ ಟ್ರ್ಯಾಕ್ಟರು ನಮ್ಮ ಬದುವಿನ ಹತ್ತಿರ ಕೆಟ್ಟು ನಿಂತಿತ್ತು, ಅಷ್ಟೆ. ರಿಪೇರಿಯಾಗುವ ತನಕ ಕೂಲಿಗಳು ಸುಮ್ಮನೆ ಯಾಕೆ ಕೂಡಬೇಕೆಂದು ನಮ್ಮ ಕಬ್ಬಿಗೇ ಕೋಯ್ತಾ ಕತ್ತಿ ಹಚ್ಚಿದರು. ನಾನು ಇದನ್ನು ಅಪ್ಪನಿಗೆ ಹಲವು ಸಲ ಬಿಡಿಸಿ ಹೇಳಿದೆ. ಅಪ್ಪ ಪ್ರತಿ ಸಲವೂ ತಿಳಿದವನ ಹಾಗೆ ನಕ್ಕು, "ಇಂಥಾವೆಲ್ಲಾ ಬಾಯಿಬಿಟ್ಟು ಹೇಳಬಾರದವ್ವಾ, ನಂಗ ತಿಳೀತೈತಿ" ಅನ್ನುತ್ತಿದ್ದ.

ನಾನು ದಿನಚರಿ ಬರೆಯುವವಳು. ಕವಿತೆ, ಕಣ್ಣೀರು ಬರೆಯುವ ದಿನಚರಿಯಲ್ಲ. ಕರೆಂಟು ಹೋದದ್ದು, ಚಿಕ್ಕೋಡಿ ಬಸ್ಸು ತಡವಾದದ್ದು, ನಮ್ಮ ಎಮ್ಮೆ ಚಂದ್ರಿ ಕೊಟ್ಟ ಹಾಲು, ಎಲ್ಲಕ್ಕೂ ತಾರೀಖಿನ ಕೆಳಗೆ ಒಂದೊಂದು ಸಾಲು ಇರುತ್ತದೆ. ನೌಕರಿ ಸಿಕ್ಕ ಮೇಲೆ 'ವಾಸನೆ' ಎಂಬ ಸಾಲನ್ನೂ ಸೇರಿಸಿದೆ. ಅದರ ಮುಂದೆ ಮಂದ, ಮಧ್ಯಮ, ಜೋರು ಎಂದು ಬರೆಯುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಪ್ರತಿದಿನವೂ 'ಮಂದ' ಎಂದೇ ಬರೆಯುತ್ತಿರುವುದು ಗಮನಕ್ಕೆ ಬಂತು. ವಾಸನೆ ಕಡಿಮೆಯಾಯಿತೆಂದು ಹಿಗ್ಗಿದೆ. ಒಂದು ದಿನ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಾರಖಾನ್ಯಾಗ ಇದ್ದೀರೇನ್ರಿ ಅಕ್ಕಾರ?" ಎಂದು ಕೇಳಿದಾಗ, ಕಡಿಮೆಯಾದದ್ದು ವಾಸನೆಯಲ್ಲ, ನನ್ನ ಮೂಗು ಎಂದು ಅರ್ಥವಾಯಿತು.

ನಮ್ಮ ಕಾರ್ಖಾನೆ ಈಗ ಬರೀ ಸಕ್ಕರೆ ಮಾಡುವುದಿಲ್ಲ. ಕಬ್ಬಿನ ರಸ, ಕಾಕಂಬಿ ಕೊಳೆಸಿ ಎಥನಾಲ್ ತೆಗೆಯುತ್ತದೆ. ಅದು ಪೆಟ್ರೋಲಿನ ಜೊತೆ ಬೆರೆತು ದೇಶದ ಗಾಡಿಗಳನ್ನೆಲ್ಲ ಓಡಿಸುತ್ತದೆ. ಹೊರದೇಶದಿಂದ ಎಣ್ಣೆ ತರುವುದು ಕಡಿಮೆಯಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ, ರೈತನಿಗೆ ಬಿಲ್ಲು ಬೇಗ ಸಿಗುತ್ತದೆ. ಇದೆಲ್ಲ ಸುಳ್ಳಲ್ಲ. ಕಾರ್ಖಾನೆಯ ವರದಿಯಲ್ಲಿ ನಾನೇ ಬರೆದಿದ್ದೇನೆ, ನಂಬಿಯೇ ಬರೆದಿದ್ದೇನೆ. ಮೊದಲ ಸಲ ಇದನ್ನು ಅಪ್ಪನಿಗೆ ಹೇಳಿದಾಗ ಅವನು ಅಂಗಳದಲ್ಲಿ ನಿಂತ ನನ್ನ ಸ್ಕೂಟಿಯನ್ನು ದಿಟ್ಟಿಸಿ ನೋಡಿದ. "ಅಂದ್ರ ನಿನ್ನ ಗಾಡಿ ನಮ್ಮ ಕಬ್ಬಿನ ಮ್ಯಾಲ ಓಡತೈತೇನ?" ಎಂದು ಕೇಳಿ, ಎತ್ತಿನ ಬೆನ್ನು ತಟ್ಟುವಂತೆ ಅದರ ಸೀಟು ತಟ್ಟಿದ. ಅಂದಿನಿಂದ ಅಮಾವಾಸ್ಯೆಗೆ ಎತ್ತುಗಳ ಜೊತೆ ನನ್ನ ಸ್ಕೂಟಿಗೂ ಕುಂಕುಮ ಬೀಳತೊಡಗಿತು.

ಆದರೆ ಎಥನಾಲ್ ತೆಗೆದ ಮೇಲೆ ಉಳಿಯುವುದು ಒಂದಿದೆ. ಡಿಕಾಕ್ಷನ್ನಿನ ಬಣ್ಣದ, ಮೂಗಿಗೆ ಹೊಡೆಯುವ ನೀರು. ತೆಗೆದ ಎಥನಾಲಿಗಿಂತ ಉಳಿದ ನೀರೇ ಎಷ್ಟೋ ಪಟ್ಟು ಹೆಚ್ಚು. ಊರವರು ಅದನ್ನು ಕರೇ ನೀರು ಅನ್ನುತ್ತಾರೆ. ನಮ್ಮ ವಾರ್ಷಿಕ ಹಸಿರು ವರದಿಯಲ್ಲಿ ನಾನು ಹಾಗೆ ಬರೆದಾಗ ನಮ್ಮ ಮ್ಯಾನೇಜರು ಕನ್ನಡಕ ಸರಿಪಡಿಸಿಕೊಂಡು, "ಕರಿ ಅಂದ್ರ ಕರೀನ ಕಾಣತೈತಿ. ಪೋಷಕಾಂಶಯುಕ್ತ ದ್ರವ ಅಂತ ಬರಿ" ಎಂದರು. 'ವಾಸನೆ' ಎಂದು ಬರೆದಲ್ಲಿ 'ಸ್ಥಳೀಯ ಅನುಭವ' ಎಂದು ತಿದ್ದಿದರು. ಅವರು ಕೆಟ್ಟವರಲ್ಲ. ಅವರ ಮಕ್ಕಳು ಕಾರ್ಖಾನೆಯ ಕಾಲನಿಯಲ್ಲೇ ಆ ಸ್ಥಳೀಯ ಅನುಭವವನ್ನು ಪಡೆಯುತ್ತ ಓದುತ್ತಿದ್ದಾರೆ. ಅಲ್ಲದೆ ಆ ನೀರಿನಲ್ಲಿ ಪೋಟ್ಯಾಶ್ ಇರುವುದೂ ನಿಜವೇ. ಅದನ್ನು ಸಂಸ್ಕರಿಸಿ, ಒಳ್ಳೆಯ ನೀರು ಬೆರೆಸಿ, ಎಕರೆಗೆ ಇಷ್ಟೇ ಎಂದು ಹದ ತಪ್ಪದೆ ಬಿಟ್ಟರೆ ಭೂಮಿಗೆ ಗೊಬ್ಬರ. ಹದ ತಪ್ಪಿದರೆ ಏನು ಎಂಬುದಕ್ಕೆ ವರದಿಯಲ್ಲಿ ಜಾಗ ಇರಲಿಲ್ಲ.

ಬೇಕಾದ ರೈತರಿಗೆ ಈ ದ್ರವ ಗೊಬ್ಬರವನ್ನು ಟ್ಯಾಂಕರಿನಲ್ಲಿ ಪುಕ್ಕಟೆ ಕೊಡುವುದೆಂದು ಕಾರ್ಖಾನೆ ಸಾರಿತು. ಯಾರ ಹೊಲಕ್ಕೆ ಎಷ್ಟು, ಯಾವಾಗ ಎಂದು ಒಂದು ಯಾದಿಯೂ ಆಯಿತು. ಯಾದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪನೊಳಗೆ ಹಳೆಯ ಗಾಯ ಎದ್ದಿತು. ಕಾರ್ಖಾನೆಯಿಂದ ಒಂದು ವಸ್ತು ಬರುತ್ತಿದೆ, ಅದಕ್ಕೆ ಪಾಳಿ ಇದೆ, ಅಂದಮೇಲೆ ಅದು ನಮ್ಮ ಹೊಲಕ್ಕೆ ಮೊದಲು ಬರಬೇಕು. ಆ ವಸ್ತು ಯಾವುದು ಎಂಬುದು ಆಮೇಲಿನ ಮಾತು.

"ಅಪ್ಪಾ, ಇದು ಕಬ್ಬು ಕಡಿಯೂದಲ್ಲ. ನಮ್ಮ ಪಾಲಿಗೆ ಬಂದದ್ದಕ್ಕಿಂತ ಹೆಚ್ಚಿಗೆ ಬಿಡಿಸ್ಕೊಬ್ಯಾಡ" ಎಂದು ನಾನು ಹೇಳಿದೆ.

"ಪುಕ್ಕಟೆ ಬರೂದು ಹೆಚ್ಚಿಗಿ ಆತಂತ ಯಾರರೆ ಸತ್ತಾರೇನ?" ಎಂದ ಅಪ್ಪ.

ಮರುದಿನದಿಂದ ಅವನು ರಸ್ತೆಯ ಬದಿಯಲ್ಲಿ ಕುಳಿತ. ಟ್ಯಾಂಕರು ಬಂದ ಕೂಡಲೇ ಕೈ ಮಾಡಿ ನಿಲ್ಲಿಸುವುದು, ಡ್ರೈವರನನ್ನು ಮನೆಗೆ ಕರೆದು ಚಹಾ ಕುಡಿಸುವುದು, "ನಮ್ಮ ಮಗಳೂ ನಿಮ್ಮಲ್ಲೇ ಸಾಹೇಬ ಅದಾಳ್ರಿ" ಎಂದು ತಿಳಿಸುವುದು. ದೂರದೂರದ ಹೊಲಗಳ ಕೆಸರಿನಲ್ಲಿ ಟ್ಯಾಂಕರು ಹುಗಿಸಿಕೊಂಡು ಬೇಸತ್ತಿದ್ದ ಡ್ರೈವರನಿಗೆ, ಡಾಂಬರು ರಸ್ತೆಗೆ ಹತ್ತಿದ ಹೊಲವೂ ಅದರ ಜೊತೆ ಚಹಾವೂ ಸಿಕ್ಕರೆ ಇನ್ನೇನು ಬೇಕು? ನಮ್ಮ ಪಾಲಿನದನ್ನು ಸುರಿದ, ಪಕ್ಕದ ಹೊಲದ ರಾಮಗೌಡ ಕಾಕಾನ ಪಾಲನ್ನು ಸುರಿದ, ನದಿದಂಡೆಯ ಮಂದಿಯ ಪಾಲನ್ನೂ ತಂದು ನಮ್ಮಲ್ಲೇ ಸುರಿದ. ನೀರು ಬೆರೆಸುವ ಕೆಲಸ ಯಾರದೆಂದು ಡ್ರೈವರನಿಗೆ ಗೊತ್ತಿರಲಿಲ್ಲ, ಅಪ್ಪನಿಗೆ ಬೇಕಾಗಿರಲಿಲ್ಲ. ನಾನು ಮುಂಜಾನೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವವಳು. ಬಂದು ಕೇಳಿದರೆ ಅಪ್ಪ, "ನಮ್ಮ ಪಾಲಿಂದಷ್ಟ ಬಂತವ್ವಾ" ಅನ್ನುತ್ತಿದ್ದ. ರಾಮಗೌಡ ಕಾಕಾ ಬದುವಿನ ಆಚೆ ಬಂದು ನಿಂತ. "ಬಾಳಣ್ಣಾ, ನಮಗ ಒಂದ ಟ್ಯಾಂಕರ್‍ರೆ ಬಿಡಪಾ. ನಮ್ಮ ಮನ್ಯಾಗ ಹೆಣ್ಣ ಹುಡುಗಿ ಕಲಿಲಿಲ್ಲಂತ ಹೊಟ್ಟಿ ಮ್ಯಾಲ ಹೊಡೀತಿಯೇನ?" ಎಂದ. ಆ ವಾರ ಅಪ್ಪ ನಡೆಯುವ ರೀತಿಯೇ ಬದಲಾಗಿ, ಎದೆ ಮುಂದೆ ಬಂದಿತ್ತು ಎಂದು ಅವ್ವ ಹೇಳುತ್ತಾಳೆ.

ಆ ವರ್ಷ ಕಬ್ಬು ಕಪ್ಪುಹಸಿರಾಗಿ ಎದ್ದು ನಿಂತಿತು. ಮುಂದಿನ ಬೇಸಿಗೆಯಲ್ಲಿ ಚಂದ್ರಿ ನೀರು ಕುಡಿಯುವುದನ್ನು ಬಿಟ್ಟಳು.

ನಾವು ಊರೊಳಗೆ ಇಲ್ಲ, ತೋಟದ ಮನೆಯಲ್ಲಿದ್ದೇವೆ. ಊರಿನ ನಳ ನಮ್ಮ ತನಕ ಬರುವುದಿಲ್ಲ. ಕುಡಿಯಲು, ಅಡಿಗೆಗೆ, ದನಕ್ಕೆ ಎಲ್ಲಕ್ಕೂ ಹೊಲದ ನಡುವಿನ ಬಾವಿಯೇ ಗತಿ. ಚಂದ್ರಿ ಬಕೆಟ್ಟಿಗೆ ಮೂತಿ ಇಟ್ಟು, ಒಮ್ಮೆ ಉಸಿರು ಬಿಟ್ಟು, ಮುಖ ತಿರುಗಿಸಿದಳು. ಅವ್ವ ಹಿಂಡಿ ಕಲಸಿ ಕೊಟ್ಟಳು, ಉಪ್ಪು ಹಾಕಿ ಕೊಟ್ಟಳು, ಕೊನೆಗೆ ದೃಷ್ಟಿ ತೆಗೆದಳು. "ಏನ್ರಿ, ಎಮ್ಮಿ ನೀರ ಮುಟ್ಟವಲ್ದು. ಯಾರ ಕಣ್ಣು ಬಿತ್ತೋ" ಎಂದಳು. ನಾನು ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದೆ. ಆಗತಾನೆ ಸೋಸಿದ ಚಹಾದ ಹಾಗೆ ಇತ್ತು. ನಾವು ಅದನ್ನು ಎಷ್ಟು ದಿನದಿಂದ ಕುಡಿಯುತ್ತಿದ್ದೆವೋ. ನಮ್ಮದು ತಾಮ್ರದ ಕೊಡ, ಹಿತ್ತಾಳೆಯ ತಂಬಿಗೆ; ಬಣ್ಣ ಕಾಣುವುದು ಹೇಗೆ? ವಾಸನೆಗಂತೂ ನಮ್ಮ ಮನೆಯಲ್ಲಿ ಯಾರಿಗೂ ಮೂಗು ಉಳಿದಿರಲಿಲ್ಲ, ಎಮ್ಮೆಯೊಂದನ್ನು ಬಿಟ್ಟು.

ಆಗ ಅಪ್ಪ ಟ್ಯಾಂಕರುಗಳ ನಿಜ ಹೇಳಿದ. ಯಾರೂ ಅವನನ್ನು ಬೈಯಲಿಲ್ಲ. ಅವ್ವ ಕೊಡವನ್ನು ಬೋರಲು ಹಾಕಿ ಒಳಗೆ ಹೋದಳು, ಅದೇ ಬೈಗುಳ.

ಊರಿನಿಂದ ಕ್ಯಾನಿನಲ್ಲಿ ಫಿಲ್ಟರ್ ನೀರು ತರಿಸತೊಡಗಿದೆವು. ನಮಗೊಂದು ಕ್ಯಾನು ಸಾಕು. ಎಮ್ಮೆ ಕುಡಿಯುವುದನ್ನು ನೀವು ನೋಡಿದ್ದರೆ ನಮ್ಮ ಕಷ್ಟ ಅರ್ಥವಾದೀತು. ಅಪ್ಪ ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬಂದು ಚಂದ್ರಿಯ ಮುಂದೆ ಸುರಿದರೆ, ಅವಳು ಅದನ್ನು ಮುಗಿಸಿ, ಇಷ್ಟೇನಾ ಎಂಬಂತೆ ಅವನನ್ನು ನೋಡುತ್ತಿದ್ದಳು. ಕೊಡುವ ಹಾಲಿಗಿಂತ ಕುಡಿಯುವ ನೀರೇ ತುಟ್ಟಿ. ಹಾಗೆಂದು ಮಾರಲು ಅವ್ವ ಒಪ್ಪಳು. ರಾಮಗೌಡ ಕಾಕಾನ ಬಾವಿಗೂ ಬಣ್ಣ ಇಳಿಯತೊಡಗಿತ್ತು. ಆದರೂ ಅವನಿಗೆ ನಗೆ ಬಿಡಲಿಲ್ಲ. "ಬಾಳಣ್ಣಾ, ನಿಮ್ಮ ಬಾಂವ್ಯಾಗ ಎರಡ ಚೀಲ ಸಕ್ರಿ ಸುರುವಿಬಿಡು. ಇಡೀ ಊರಿಗೆ ಚಹಾ ಆಕ್ಕೈತಿ. ಹಾಲಂತೂ ಮನ್ಯಾಗ ಐತಿ" ಎಂದ. ಅಪ್ಪ ನಗಲಿಲ್ಲ. ಅವನ ನಡಿಗೆ ಮತ್ತೆ ಮೊದಲಿನಂತಾಗಿತ್ತು.

ನಾನು ಮ್ಯಾನೇಜರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. "ನಿಮ್ಮಪ್ಪ ಮಾಡ್ಕೊಂಡದ್ದು ಅಂತ ನಾ ಹೇಳಬಹುದು, ಹೇಳೂದಿಲ್ಲ. ಡ್ರೈವರ್ ನಮ್ಮಾಂವ" ಎಂದರು. ಆಮೇಲೆ ಒಂದು ದಾರಿ ತೋರಿಸಿದರು. ಕಾರ್ಖಾನೆಗೆ ಹಸಿರು ಪ್ರಮಾಣಪತ್ರ ಕೊಡಲು ಹೊರಗಿನಿಂದ ಒಬ್ಬ ಆಡಿಟರ್ ಬರುವವರಿದ್ದರು. ಅವರು ಹೊಲಗಳಿಗೆ ಹೋಗಿ ಬಾವಿಯ ನೀರಿನ ಮಾದರಿ ತೆಗೆಯುತ್ತಾರೆ. ಎಲ್ಲಿ ನೀರು ಕೆಟ್ಟಿದೆಯೋ ಅಲ್ಲಿ ಕಾರ್ಖಾನೆಯೇ ಒಂದು ಶುದ್ಧ ನೀರಿನ ಘಟಕ ಕಟ್ಟಿಸಿಕೊಡಬೇಕು, ಆ ಭಾಗಕ್ಕೆ ಟ್ಯಾಂಕರು ನಿಲ್ಲಿಸಬೇಕು. ತಪ್ಪು ಕಂಡು ತಿದ್ದಿಕೊಂಡರೆ ಪ್ರಮಾಣಪತ್ರಕ್ಕೆ ಧಕ್ಕೆಯಿಲ್ಲ. ಈ ವರ್ಷ ಒಂದು ಘಟಕಕ್ಕೆ ದುಡ್ಡು ಇತ್ತು. ಆಡಿಟರ್ ನೋಡಬೇಕಾದ ಜಾಗಗಳಲ್ಲಿ ನಮ್ಮ ತೋಟವನ್ನೂ ಸೇರಿಸಿದರು. ನನ್ನ ಜೀವನದಲ್ಲಿ ನಾನು ಮಾಡಿಸಿಕೊಂಡ ಒಂದೇ ಒಂದು ವಶೀಲಿ ಅದು.

ಅಂದು ಊಟಕ್ಕೆ ಕುಳಿತಾಗ ಮನೆಯಲ್ಲಿ ತಿಳಿಸಿದೆ. "ಸಾಹೇಬರು ಬರ್ತಾರ. ಇದ್ದದ್ದು ಇದ್ದಂಗ ಹೇಳ್ರಿ. ನೀರು ಕೆಟ್ಟೈತಿ ಅಂತ ಅವರ ಬಾಟಲಿ ಹೇಳಿದ್ರ ನಮಗ, ಕಾಕಾಗ, ಎಲ್ಲಾರಿಗೂ ಚಲೋ ನೀರ ಸಿಗತಾವು" ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಮಾತಿನ ಭರದಲ್ಲಿ, ಪ್ರಮಾಣಪತ್ರ ಬರದಿದ್ದರೆ ನಮ್ಮ ಪರಿಸರ ವಿಭಾಗವನ್ನೇ ಮುಚ್ಚಿಯಾರು ಎಂದು ಆಫೀಸಿನಲ್ಲಿ ಮಾತನಾಡುತ್ತಿದ್ದಾರೆಂದೂ ಹೇಳಿಬಿಟ್ಟೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನ ಕಿವಿಗೆ ಯಾವ ಮಾತು ಹೊಕ್ಕಿತು, ಯಾವುದು ಹೊರಗೆ ಉಳಿಯಿತು ಎಂದು ನಾನು ಗಮನಿಸಲಿಲ್ಲ.

ಆಡಿಟರ್ ನಿಪ್ಪಾಣಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ವಯಸ್ಸಾದವರು. ಕನ್ನಡವೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು, ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಜೀಪಿನಿಂದ ಇಳಿದವರನ್ನು ಅಪ್ಪ ಹೊರಸಿನ ಮೇಲೆ ಕೂಡ್ರಿಸಿ, ನಮ್ಮ ಪದ್ಧತಿಯಂತೆ ಮೊದಲು ಬೆಲ್ಲ, ನೀರು ಕೊಟ್ಟ. ಕ್ಯಾನಿನ ನೀರೇ. ಬಂದವರಿಗೆ ಬಾವಿಯ ನೀರು ಕೊಡಲು ನಾವು ಅಷ್ಟು ಕೆಟ್ಟವರಲ್ಲ.

"ಕಾಯ್ ಬಾಳಪ್ಪಾ, ಕಾರಖಾನಿಯಿಂದ ಏನರೆ ತ್ರಾಸ ಐತೇನು?" ಎಂದು ಕೇಳಿದರು.

"ತ್ರಾಸ ಎಲ್ಲೀದ್ರಿ ಸಾಹೇಬ್ರ! ಕಾರಖಾನಿ ಅಂದ್ರ ನಮ್ಮ ತಾಯಿ ಇದ್ದಂಗ" ಎಂದ ಅಪ್ಪ.

ನಾನು ಕಣ್ಣು ಬಿಟ್ಟೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಚಹಾಕ್ಕೆ ಕರೆದಳು. ಹೋಗಲಿ, ಬಾಟಲಿಗೆ ತಾಯಿ ಗೀಯಿ ಏನೂ ತಿಳಿಯುವುದಿಲ್ಲ, ನೀರು ತಾನೇ ಹೇಳುತ್ತದೆ ಎಂದುಕೊಂಡು ಒಳಗೆ ಹೋದೆ. ಹೊರಗಿನ ಮಾತು ಕೇಳಿಸುತ್ತಲೇ ಇತ್ತು. ಆಡಿಟರ ಕಣ್ಣು ಚಂದ್ರಿಯ ಮುಂದಿದ್ದ ಕ್ಯಾನುಗಳ ಮೇಲೆ ಬಿದ್ದಿತ್ತು.

"ಎಮ್ಮಿಗೆ ಫಿಲ್ಟರ್ ನೀರು?"

"ಅದು ಭಾಳ ಲಾಡಿನ ಎಮ್ಮಿರಿ. ಮನಿ ಮಗಳಿದ್ದಂಗ."

ಆಡಿಟರು ಮನಸಾರೆ ನಕ್ಕು ಏನೋ ಬರೆದುಕೊಂಡರು. ಆಮೇಲೆ ಬಾವಿ ನೋಡಬೇಕು, ನೀರು ತುಂಬಿಕೊಳ್ಳಬೇಕು ಎಂದರು. ನಮ್ಮ ಬಾವಿ ಆಳವಾದದ್ದು. ಮೇಲಿನಿಂದ ಬಗ್ಗಿ ನೋಡಿದರೆ ಯಾವ ನೀರೂ ಕಪ್ಪಾಗಿಯೇ ಕಾಣುತ್ತದೆ. "ಪಾವಟಿಗಿ ಪಾಚಿ ಹಿಡದಾವ್ರಿ, ನಿಮ್ಮ ಬೂಟಿಗೆ ಜಾರತಾವು. ಕುಂಡ್ರಿ, ಬಾಟ್ಲಿ ತರ್‍ರಿ ಇಲ್ಲೆ, ನಾ ತುಂಬ್ಕೊಂಡ ಬರ್ತೀನಿ" ಎಂದ ಅಪ್ಪ. ಮೊಣಕಾಲು ನೋವಿನ ಆಡಿಟರು ಬಾಟಲಿ ಕೊಟ್ಟರು. ನಾನು ಚಹಾ ತಂದಾಗ ಬಾಟಲಿ ಆಗಲೇ ಮುದ್ರೆ ಹಾಕಿಸಿಕೊಂಡು ಅವರ ಪೆಟ್ಟಿಗೆಯಲ್ಲಿ ಮಲಗಿತ್ತು. ಅವರು ಚಹಾ ಕುಡಿದು, ನನ್ನ ಕೆಲಸವನ್ನು ಹೊಗಳಿ, ಜೀಪು ಹತ್ತಿದರು.

ಧೂಳು ಇಳಿದ ಮೇಲೆ ಅಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ನನ್ನ ಮುಂದೆ ನಿಂತ. ಅವನ ಮುಖದಲ್ಲಿ ಟೋಳಿ ಮೊದಲು ಬಂದ ದಿನದ ಕಳೆ ಇತ್ತು.

"ಅಂಜಬ್ಯಾಡವ್ವಾ. ನಿನ್ನ ನೌಕರಿ ಎಲ್ಲೂ ಹೋಗೂದಿಲ್ಲ" ಎಂದ. "ದನದ ಮನಿ ಹಿಂದಿನ ಕ್ಯಾನಿನ್ಯಾಗಿಂದ ತುಂಬಿ ಕೊಟ್ಟೀನಿ. ಗಂಗಾಜಲ ಇದ್ದಂಗ ಇತ್ತು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಹುಚ್ಚಪ್ಪ" ಎಂದಳು. ಅತ್ತಳೋ ನಕ್ಕಳೋ ನನಗೆ ಇಂದಿಗೂ ಗೊತ್ತಿಲ್ಲ. ನನಗಾಗಿ ಅವನು ತನ್ನ ಬಾವಿಯನ್ನು ಕೊಟ್ಟುಬಿಟ್ಟಿದ್ದ, ಅದೂ ಕೇಳದೆ.

ಮರುದಿನ ಮ್ಯಾನೇಜರಿಗೆ ನಡೆದದ್ದನ್ನು ಹೇಳಿದೆ. ಅವರು ಬಾಗಿಲು ಹಾಕಿ ಬರಲು ಹೇಳಿದರು. "ನೋಡವಾ, ಮಾದರಿ ಖೊಟ್ಟಿ ಅಂತ ಈಗ ತಿಳಿಸಿದ್ರ, ಉಳಿದ ಬಾಟ್ಲಿ ಎಷ್ಟು ಖೊಟ್ಟಿ ಅಂತ ಅವರು ಕೇಳ್ತಾರ. ಮೊದಲ ನಿಮ್ಮಪ್ಪನ ಹೆಸರು, ಆಮ್ಯಾಲ ನಿಂದು, ಆಮ್ಯಾಲ ನಂದು. ಟ್ಯಾಂಕರ್ ನಾನ ನಿಲ್ಲಸ್ತೀನಿ. ಘಟಕದ್ದು ಮುಂದಿನ ವರ್ಷ ನೋಡೂಣು" ಎಂದರು. ಟ್ಯಾಂಕರು ನಿಂತಿತು. ಇಂಗಿದ್ದು ಮಾತ್ರ ನಿಲ್ಲಲಿಲ್ಲ; ಭೂಮಿಯೊಳಗೆ ಯಾರ ಮಾತೂ ನಡೆಯುವುದಿಲ್ಲ.

ಫಲಿತಾಂಶ ಬಂತು. ಆ ಸೀಮೆಯಲ್ಲೇ ಅತ್ಯಂತ ಶುದ್ಧವಾದ ಬಾವಿ ನಮ್ಮದು. ಬಾಳಪ್ಪನ ತೋಟದಲ್ಲಿ ದ್ರವ ಗೊಬ್ಬರವನ್ನು ಯಥೇಚ್ಛವಾಗಿ ಬಳಸಿಯೂ ಅಂತರ್ಜಲಕ್ಕೆ ಬಾಧೆಯಿಲ್ಲ ಎಂದು ಅದರಲ್ಲಿ ಬರೆದಿತ್ತು. ಅಲ್ಲಿ ಪಶುಗಳಿಗೂ ಶುದ್ಧೀಕರಿಸಿದ ನೀರು ಕೊಡುವ ಅನುಕರಣೀಯ ಪದ್ಧತಿ ಇದೆ ಎಂಬ ಮೆಚ್ಚುಗೆಯೂ ಇತ್ತು. ಈ ಸಾಲುಗಳನ್ನು ಹಸಿರು ವರದಿಗೆ ಸೇರಿಸುವ ಕೆಲಸ ನನ್ನದು. ಸೇರಿಸಿದೆ. ಅಪ್ಪ ಮತ್ತು ಚಂದ್ರಿ ಒಟ್ಟಿಗೆ ನಿಂತ ಫೋಟೋ ಕೂಡ ಬಂತು. ಫೋಟೋದಲ್ಲಿ ಚಂದ್ರಿಯೊಬ್ಬಳೇ ಗಂಭೀರವಾಗಿದ್ದಾಳೆ.

ಶುದ್ಧ ನೀರಿನ ಘಟಕ ನಮ್ಮಿಂದ ನಾಲ್ಕು ಊರಾಚೆ ಆಯಿತು. ಅಲ್ಲಿಯ ನೀರಿಗೆ ಸ್ವಲ್ಪ ಬಣ್ಣ ಇತ್ತಂತೆ. ಸಣ್ಣ ಹಳದಿ, ನಮ್ಮದರ ಮುಂದೆ ಎಳನೀರು. ಸುದ್ದಿ ತಿಳಿದ ದಿನ ರಾಮಗೌಡ ಕಾಕಾ ಬದುವಿಗೆ ಬಂದ. ಅವನ ಬಾವಿ ಅಷ್ಟೊತ್ತಿಗೆ ನಮ್ಮದರ ಬಣ್ಣಕ್ಕೆ ಬಂದು ಮುಟ್ಟಿತ್ತು. ಬೈಯುತ್ತಾನೆಂದು ಅಪ್ಪ ತಲೆ ತಗ್ಗಿಸಿ ನಿಂತ. ಕಾಕಾ, "ಒಂದ ಟ್ಯಾಂಕರ್ ಬೇಡಿದ್ದೆ ನಿನ್ನ ಕಡೆ. ಕಡೀಗೂ ನನ್ನ ಪಾಲ ಮುಟ್ಟಿಸಿದಿ ಬಿಡೋ ಬಾಳಣ್ಣಾ" ಎಂದು ಹೇಳಿ ಹೋದ. ಅಂದಿನಿಂದ ಅವನು ನಮ್ಮ ಮನೆಗೆ ಚಹಾಕ್ಕೆ ಬಂದಿಲ್ಲ.

ಊರಿನ ಫಿಲ್ಟರ್ ನೀರು ತುಟ್ಟಿ. ಹೊಸ ಘಟಕದಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆದ್ದರಿಂದ ಈಗ ದಿನಾ ಮುಂಜಾನೆ ಆಫೀಸಿಗೆ ಹೋಗುವ ಮುನ್ನ ನಾನು ಸ್ಕೂಟಿಯ ಮೇಲೆ ಖಾಲಿ ಕ್ಯಾನುಗಳನ್ನು ಹೇರಿಕೊಂಡು ಅಲ್ಲಿಗೆ ಹೋಗುತ್ತೇನೆ. ಕಾಕಾನ ಮನೆಯ ಒಂದು ಕ್ಯಾನೂ ಅದರಲ್ಲಿರುತ್ತದೆ. ಅವನು ಮಾತಾಡುವುದಿಲ್ಲ, ಕ್ಯಾನನ್ನು ಬದುವಿನ ಮೇಲೆ ಇಟ್ಟಿರುತ್ತಾನೆ. ನಮ್ಮ ಕಬ್ಬಿನ ಬಲದಿಂದ ಗಾಡಿ ಓಡುತ್ತದೆ, ಗಾಡಿಯ ಬಲದಿಂದ ನಮಗೆ ನೀರು ಬರುತ್ತದೆ. ದೂರದ ಊರುಗಳಲ್ಲಿ ಹೊಗೆ ಕಡಿಮೆಯಾಗಿರಬೇಕು. ಆಗಿರಲಿ ಎಂದು ನಾನು ನಿಜವಾಗಿಯೂ ಬಯಸುತ್ತೇನೆ. ಇಷ್ಟು ಮಾಡಿಯೂ ಅದು ಕಡಿಮೆಯಾಗದಿದ್ದರೆ ನಮ್ಮ ಬಾವಿಗೆ ಏನು ಹೇಳುವುದು?

ಮೊದಲ ದಿನ ಹೋದಾಗ ಘಟಕದ ಮುಂದೆ ಉದ್ದನೆಯ ಸಾಲು ಇತ್ತು. ಕೊಡ ಹಿಡಿದ ಹೆಂಗಸರು, ಕ್ಯಾನು ಹಿಡಿದ ಮುದುಕರು. ನಾನು ಕೊನೆಯಲ್ಲಿ ನಿಂತೆ. ಯಾರೋ ನನ್ನ ಕೊರಳಲ್ಲಿದ್ದ ಆಫೀಸಿನ ಗುರುತಿನ ಚೀಟಿ ನೋಡಿದರು. "ಏ, ಸರೀರಿ, ಸರೀರಿ. ಕಾರಖಾನಿ ಮೇಡಮ್ಮಾರ ಬಂದಾರ. ಅವರಿಂದನ ನಮಗ ನೀರ ಬಂದಾವು. ಅವರನ್ನ ಮೊದಲ ಬಿಡ್ರಿ" ಎಂದರು. ಸಾಲು ಎರಡು ಭಾಗವಾಗಿ ದಾರಿಯಾಯಿತು. ಬೇಡ, ನಾನು ಪಾಳಿಯಲ್ಲೇ ನಿಲ್ಲುತ್ತೇನೆ ಎನ್ನಬೇಕೆಂದು ಬಾಯಿತನಕ ಬಂತು. ಆಫೀಸಿಗೆ ಹೊತ್ತಾಗಿತ್ತು. ನಳದ ಕೆಳಗೆ ಕ್ಯಾನು ಇಟ್ಟೆ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲೇ ಕಾಯುತ್ತಿದ್ದ. ಕ್ಯಾನು ಇಳಿಸಿಕೊಳ್ಳುತ್ತ, ನನ್ನ ಮುಖ ನೋಡದೆ, "ಪಾಳಿ ಭಾಳ ಇತ್ತೇನವ್ವಾ?" ಎಂದು ಕೇಳಿದ.

"ಇತ್ತಪ್ಪಾ. ಆದ್ರ ನನ್ನ ಮೊದಲ ಬಿಟ್ರು."

ಅಪ್ಪ ತಲೆಯೆತ್ತಿದ. ಕಾಕಾ ಬದುವಿನ ಆಚೆ ಇದ್ದಾನೋ, ಅವನ ಕಿವಿಗೆ ಬಿತ್ತೋ ಎಂದು ಒಮ್ಮೆ ಆ ಕಡೆ ನೋಡಿದ. ಆಮೇಲೆ ಹೆಗಲ ಮೇಲೆ ಕ್ಯಾನು ಹೊತ್ತು ಚಂದ್ರಿಯ ಕಡೆ ಹೊರಟ. ಎಷ್ಟೋ ತಿಂಗಳ ಮೇಲೆ ಅವನು ಮತ್ತೆ ಟ್ಯಾಂಕರು ಬಂದ ಆ ವಾರದ ಹಾಗೆ ನಡೆಯುತ್ತಿದ್ದ. ಅಂದು ದಿನಚರಿಯಲ್ಲಿ ಹೊಸದಾಗಿ ಸೇರಿಸಿದ 'ನೀರು' ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ 'ಮೊದಲ ಪಾಳಿ' ಎಂದು ಬರೆದೆ. ಕೈ ತಡೆಯಲಿಲ್ಲ, ಅದರ ಕೆಳಗೆ ಒಂದು ಗೆರೆಯನ್ನೂ ಎಳೆದೆ.